ಅನ್ನನಾಳದ ಕ್ಯಾನ್ಸರ್ ರಕ್ತನಾಳ ಮುಟ್ಟಿದಾಗ

ಅನ್ನನಾಳದ ಕ್ಯಾನ್ಸರ್ ಎಂದೊಡನೆ ನೆನಪಾಗುವುದು ನುಂಗುವ ಕಷ್ಟ. ಮೊದಲು ಮುದ್ದೆ, ರೊಟ್ಟಿ ಇಳಿಯುವುದಿಲ್ಲ. ಆಮೇಲೆ ಮೆತ್ತಗಿನ ಅನ್ನ. ಕೊನೆಗೆ ಗಂಜಿಯೂ ಎದೆಯಲ್ಲಿ ನಿಲ್ಲುತ್ತದೆ. ಚಿಕಿತ್ಸೆಯ ಹೆಚ್ಚಿನ ಶ್ರಮ ಈ ದಾರಿಯನ್ನು ತೆರೆದಿಡುವುದಕ್ಕೇ ಹೋಗುತ್ತದೆ. ಆದರೆ ರೋಗ ಮುಂದುವರಿದ ಮೇಲೆ ಇನ್ನೊಂದು ದಿಕ್ಕಿನಿಂದಲೂ ಅಪಾಯ ಬರುತ್ತದೆ: ಅನ್ನನಾಳಕ್ಕೆ ಅಂಟಿಕೊಂಡೇ ಸಾಗುವ ರಕ್ತನಾಳಗಳಿಂದ. ಗಡ್ಡೆ ನಾಳದ ಗೋಡೆಯನ್ನು ಕೊರೆದು ರಕ್ತ ಸುರಿಯಬಹುದು. ಇಲ್ಲವೇ ನಾಳದೊಳಗೆ ರಕ್ತ ಹೆಪ್ಪುಗಟ್ಟಿ ಕಾಲು, ಶ್ವಾಸಕೋಶ, ಕುತ್ತಿಗೆಯ ಹರಿವು ನಿಲ್ಲಬಹುದು. ಮೊದಲನೆಯದು ಅಪರೂಪ, ಆದರೆ ನಿಮಿಷಗಳಲ್ಲಿ ಜೀವ ತೆಗೆಯುವಂಥದ್ದು. ಎರಡನೆಯದು ಸಾಮಾನ್ಯ, ಗದ್ದಲವಿಲ್ಲದ್ದು. ಒಂದಕ್ಕೆ ಕೊಡುವ ಮದ್ದು ಇನ್ನೊಂದನ್ನು ಕೆರಳಿಸುತ್ತದೆ ಎಂಬುದೇ ಇಲ್ಲಿನ ದೊಡ್ಡ ತೊಡಕು.

2022ರ ಜಾಗತಿಕ ಅಂದಾಜಿನಂತೆ ಆ ವರ್ಷ ಸುಮಾರು 5.11 ಲಕ್ಷ ಜನರಿಗೆ ಹೊಸದಾಗಿ ಅನ್ನನಾಳದ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 4.45 ಲಕ್ಷ ಜನ ಇದರಿಂದ ಸತ್ತರು. ಎರಡು ಸಂಖ್ಯೆಗಳ ನಡುವಿನ ಅಂತರ ಇಷ್ಟು ಕಡಿಮೆ ಇರುವುದಕ್ಕೆ ಮುಖ್ಯ ಕಾರಣ ರೋಗ ತಡವಾಗಿ ಗೊತ್ತಾಗುವುದು. ಹಾಗಾಗಿ ಮುಂದುವರಿದ ಹಂತದ ತೊಡಕುಗಳ ಚಿಕಿತ್ಸೆ ಈ ರೋಗದಲ್ಲಿ ಪಕ್ಕದ ವಿಷಯವಲ್ಲ.

ಗೋಡೆಗೆ ಗೋಡೆ ತಾಗಿದ ನೆರೆಹೊರೆ

ವಯಸ್ಕರಲ್ಲಿ ಅನ್ನನಾಳದ ಉದ್ದ ಸುಮಾರು 25 ಸೆಂಟಿಮೀಟರ್. ಕುತ್ತಿಗೆಯಿಂದ ಹೊರಟು, ಶ್ವಾಸನಾಳದ ಹಿಂದೆ, ಹೃದಯದ ಎಡ ಮೇಲಿನ ಕೋಣೆಯ ಬೆನ್ನಿಗೆ ಒರಗಿಕೊಂಡು, ವಪೆಯನ್ನು ದಾಟಿ ಜಠರ ಸೇರುತ್ತದೆ. ಹೃದಯದಿಂದ ಹೊರಟ ಮಹಾಪಧಮನಿ ಎದೆಯಲ್ಲಿ ಕಮಾನಿನಂತೆ ಬಾಗಿ, ಅನ್ನನಾಳದ ಎಡಬದಿಗೆ ಇಳಿದು, ಕೆಳಗೆ ಹೋಗುತ್ತ ಅದರ ಹಿಂದೆ ಸರಿಯುತ್ತದೆ. ಎದೆಯ ನಡುಭಾಗದಲ್ಲಿ ಎರಡರ ನಡುವೆ ಇರುವುದು ತೆಳ್ಳನೆಯ ಕೊಬ್ಬಿನ ಪದರ ಮಾತ್ರ. ಬಹಳ ದಿನ ಸರಿಯಾಗಿ ಊಟ ಸೇರದೆ ಸೊರಗಿದ ರೋಗಿಯಲ್ಲಿ ಆ ಕೊಬ್ಬೂ ಕರಗಿಹೋಗಿರುತ್ತದೆ.

ಹೊಟ್ಟೆಯ ಕರುಳುಗಳಿಗೆ ಹೊರಗಿನಿಂದ ನಯವಾದ ಗಟ್ಟಿ ಪೊರೆಯೊಂದು ಇರುತ್ತದೆ. ಎದೆಯೊಳಗಿನ ಅನ್ನನಾಳಕ್ಕೆ ಅದಿಲ್ಲ. ಸ್ನಾಯು ಪದರ ದಾಟಿದ ಗಡ್ಡೆ ನೇರವಾಗಿ ನೆರೆಯ ಅಂಗಕ್ಕೆ ಕೈಹಾಕುತ್ತದೆ. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಸ್ಕ್ವಾಮಸ್ ಕೋಶದ ಕ್ಯಾನ್ಸರ್. ತಂಬಾಕು, ಎಲೆ-ಅಡಿಕೆ, ಮದ್ಯ ಇದರ ಬೆನ್ನಿಗಿರುವ ಪರಿಚಿತ ಕಾರಣಗಳು. ಪಾಶ್ಚಾತ್ಯ ದೇಶಗಳಲ್ಲಿ ಈಗ ಹೆಚ್ಚಾಗಿರುವ ಅಡಿನೊಕಾರ್ಸಿನೋಮ ಜಠರದ ಹತ್ತಿರದ ಕೆಳತುದಿಯಲ್ಲಿ ಬೆಳೆದರೆ, ಸ್ಕ್ವಾಮಸ್ ಗಡ್ಡೆ ಹೆಚ್ಚಾಗಿ ನಡುಭಾಗದಲ್ಲಿ, ಅಂದರೆ ಮಹಾಪಧಮನಿಯ ಪಕ್ಕದಲ್ಲೇ ಬೆಳೆಯುತ್ತದೆ. ನಮ್ಮ ವೈದ್ಯರು ಈ ತೊಡಕಿನ ಬಗ್ಗೆ ಹೆಚ್ಚು ಎಚ್ಚರದಿಂದ ಇರಬೇಕಾದುದು ಇದಕ್ಕೇ.

ಹಂತ ಗುರುತಿಸುವಾಗ ಮಹಾಪಧಮನಿ, ಬೆನ್ನುಮೂಳೆ ಅಥವಾ ಶ್ವಾಸನಾಳಕ್ಕೆ ನುಗ್ಗಿದ ಗಡ್ಡೆಯನ್ನು ಟಿ4ಬಿ ಎಂದು ಬರೆಯುತ್ತಾರೆ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗದ ಹಂತ ಎಂದು ಇದರ ಅರ್ಥ. ಸಿ.ಟಿ. ಸ್ಕ್ಯಾನ್‌ನಲ್ಲಿ ಗಡ್ಡೆ ಮಹಾಪಧಮನಿಯ ಸುತ್ತಳತೆಯ ಕಾಲು ಭಾಗಕ್ಕಿಂತ, ಅಂದರೆ 90 ಡಿಗ್ರಿಗಿಂತ ಹೆಚ್ಚು ಆವರಿಸಿದ್ದರೆ ಒಳನುಗ್ಗಿರುವ ಅನುಮಾನ ಬಲವಾಗುತ್ತದೆ. ವರದಿಯಲ್ಲಿ ಈ ಸಾಲು ಕಂಡ ದಿನವೇ ರಕ್ತಸ್ರಾವದ ಮಾತು ಶುರುವಾಗಬೇಕು. ಹೆಚ್ಚಿನ ಕಡೆ ಆಗ ನಡೆಯುವುದು ಕೀಮೋ ಚರ್ಚೆ ಮಾತ್ರ.

ಗೋಡೆ ತೂತಾಗುವ ಬಗೆ

ಮಹಾಪಧಮನಿಯ ಗೋಡೆ ಸುಲಭಕ್ಕೆ ಬಗ್ಗುವಂಥದ್ದಲ್ಲ. ಅದರ ಒಳಪದರಕ್ಕೆ ಆಹಾರ ಹರಿಯುವ ರಕ್ತದಿಂದಲೇ ಸಿಗುತ್ತದೆ. ಹೊರಪದರಕ್ಕೆ ಮಾತ್ರ ಹೊರಗಿನಿಂದ ಬರುವ ಕೂದಲೆಳೆಯಂಥ ಸಣ್ಣ ನಾಳಗಳೇ ಆಧಾರ. ಗಡ್ಡೆ ಈ ಸಣ್ಣ ನಾಳಗಳನ್ನು ಮುಚ್ಚಿದಾಗ ಹೊರಪದರ ಸತ್ತು ಮೆತ್ತಗಾಗುತ್ತದೆ. ಇದರ ಜೊತೆಗೆ ಸೋಂಕು. ಗಡ್ಡೆಯ ಹುಣ್ಣಿನ ಮೂಲಕ ಎಂಜಲು, ಆಹಾರದ ಕಣ, ಬಾಯಿಯ ಬ್ಯಾಕ್ಟೀರಿಯಾಗಳು ಎದೆಯ ನಡುವಿನ ಜಾಗಕ್ಕೆ ಇಳಿಯುತ್ತವೆ. ಒಳಗೆ ಪ್ರತಿ ಬಡಿತಕ್ಕೂ 120 ಮಿಲಿಮೀಟರ್ ಪಾದರಸದಷ್ಟು ಒತ್ತಡ, ಹೊರಗೆ ಕೊಳೆಯುತ್ತಿರುವ ಗೋಡೆ. ಎಲ್ಲೋ ಒಂದು ಕಡೆ ಉಬ್ಬಿ, ಸುಳ್ಳು ಚೀಲವೊಂದು ಮೂಡಿ, ಅನ್ನನಾಳದೊಳಕ್ಕೆ ಒಡೆಯುತ್ತದೆ. ಎರಡು ನಾಳಗಳ ನಡುವೆ ಹೀಗೆ ಬಿದ್ದ ದಾರಿಗೆ ಫಿಸ್ಟುಲಾ ಎಂದು ಹೆಸರು.

ವಿಪರ್ಯಾಸವೆಂದರೆ ಚಿಕಿತ್ಸೆ ಫಲಿಸಿದಾಗಲೂ ಇದು ಆಗಬಹುದು. ಗಡ್ಡೆಯೇ ಮಹಾಪಧಮನಿಯ ಗೋಡೆಯ ಒಂದು ಭಾಗವಾಗಿಬಿಟ್ಟಿದ್ದರೆ, ಕೀಮೋ ಮತ್ತು ವಿಕಿರಣಕ್ಕೆ (ನಮ್ಮಲ್ಲಿ ಜನ ‘ಕರೆಂಟ್’ ಎನ್ನುವುದು) ಅದು ಕರಗಿದ ಜಾಗದಲ್ಲಿ ಉಳಿಯುವುದು ತೂತು. ಗಡ್ಡೆ ಕುಗ್ಗುವ ವೇಗಕ್ಕೆ ಸರಿಯಾಗಿ ಹೊಸ ಅಂಗಾಂಶ ಬೆಳೆಯುವುದಿಲ್ಲ, ವಿಕಿರಣ ಪಡೆದ ಜಾಗದಲ್ಲಂತೂ ಇನ್ನೂ ನಿಧಾನ. ನುಂಗಲು ಅನುಕೂಲವಾಗಲೆಂದು ಅನ್ನನಾಳದಲ್ಲಿ ಇಡುವ ಲೋಹದ ಸ್ಟೆಂಟ್ ಕೂಡ ತನ್ನ ಅಂಚಿನಿಂದ ಗೋಡೆಯನ್ನು ತಿಂಗಳುಗಟ್ಟಲೆ ಒತ್ತುತ್ತದೆ. ನೆದರ್ಲೆಂಡ್ಸ್‌ನಲ್ಲಿ 209 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ಟೆಂಟನ್ನು ಅನ್ನನಾಳದ ಒಳಗಿನಿಂದಲೇ ಕೊಡುವ 12 ಗ್ರೇ ವಿಕಿರಣದೊಂದಿಗೆ ಹೋಲಿಸಿತು. ಸ್ಟೆಂಟ್ ಹಾಕಿಸಿಕೊಂಡವರು ಬೇಗ ನುಂಗತೊಡಗಿದರು. ಆದರೆ ತಡವಾಗಿ ಬರುವ ರಕ್ತಸ್ರಾವ ಅವರಲ್ಲಿ ಶೇ. 13 ಇದ್ದರೆ, ವಿಕಿರಣ ಪಡೆದವರಲ್ಲಿ ಶೇ. 5. ಕೆಲವೇ ವಾರಗಳ ಆಯುಸ್ಸು ಉಳಿದವರಿಗೆ ಸ್ಟೆಂಟ್ ಸರಿ. ತಿಂಗಳುಗಳ ನಿರೀಕ್ಷೆ ಇರುವವರ ವಿಷಯದಲ್ಲಿ ಇನ್ನೊಮ್ಮೆ ಯೋಚಿಸಬೇಕು.

ಮಹಾಪಧಮನಿ-ಅನ್ನನಾಳ ಫಿಸ್ಟುಲಾಕ್ಕೆ ಕ್ಯಾನ್ಸರ್ ಒಂದೇ ಕಾರಣವಲ್ಲ. 1991ರಲ್ಲಿ ಪ್ರಕಟವಾದ, ಹಿಂದಿನ ಸುಮಾರು 500 ಪ್ರಕರಣಗಳ ಅವಲೋಕನದಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮಹಾಪಧಮನಿಯ ಊತದಿಂದ ಆದವು. ನುಂಗಿದ ಮೂಳೆ, ಮುಳ್ಳಿನಂಥ ವಸ್ತುಗಳಿಂದ ಆದವು ಐದರಲ್ಲೊಂದು ಪಾಲಿನಷ್ಟು. ಅನ್ನನಾಳದ ಕ್ಯಾನ್ಸರ್‌ನಿಂದ ಆದವು ಶೇ. 17.

ಎಚ್ಚರಿಸುವ ರಕ್ತ

1914ರಲ್ಲಿ ರೋಗಶಾಸ್ತ್ರಜ್ಞ ಕಿಯಾರಿ, ನುಂಗಿದ ವಸ್ತುವಿನಿಂದ ಮಹಾಪಧಮನಿ ತೂತಾದ ಪ್ರಕರಣಗಳನ್ನು ವಿವರಿಸುತ್ತ ಮೂರು ಲಕ್ಷಣಗಳ ಒಂದು ಸರಣಿ ಗುರುತಿಸಿದ. ಮೊದಲು ಎದೆಯ ನಡುವೆ ನೋವು. ಆಮೇಲೆ ಸ್ವಲ್ಪ ಕೆಂಪು ರಕ್ತದ ವಾಂತಿ. ಅದು ತಾನಾಗಿಯೇ ನಿಂತು, ಕೆಲವು ಗಂಟೆಯೋ ಕೆಲವು ದಿನಗಳೋ ಏನೂ ಇಲ್ಲದ ಬಿಡುವು. ಆನಂತರ ತಡೆಯಲಾಗದ ಪ್ರವಾಹ. ನೂರು ವರ್ಷ ದಾಟಿದರೂ ಈ ವಿವರಣೆ ಕ್ಯಾನ್ಸರ್ ರೋಗಿಗಳಿಗೂ ಒಪ್ಪುತ್ತದೆ, ಎಲ್ಲರಲ್ಲೂ ಮೂರೂ ಕಾಣಿಸದಿದ್ದರೂ.

ಮೊದಲ ರಕ್ತ ನಿಲ್ಲುವುದೇಕೆ? ರಕ್ತದೊತ್ತಡ ಇಳಿಯುತ್ತದೆ, ಸಣ್ಣ ತೂತಿಗೆ ಹೆಪ್ಪು ಕಟ್ಟಿಕೊಳ್ಳುತ್ತದೆ, ಸುತ್ತಲಿನ ಅಂಗಾಂಶ ಬಿಗಿದುಕೊಳ್ಳುತ್ತದೆ. ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ. ಒತ್ತಡ ಮತ್ತೆ ಏರಿದಾಗ ಹೆಪ್ಪು ಕಳಚುತ್ತದೆ. ಚಿಕಿತ್ಸೆಗೆ ಸಿಗುವ ಸಮಯವೆಲ್ಲ ಈ ನಡುವಿನ ಬಿಡುವಿನಲ್ಲೇ ಇದೆ, ಮತ್ತು ಮನೆಯವರು ‘ಉಷ್ಣಕ್ಕೆ ಬಂದಿರಬೇಕು, ನಿಂತುಹೋಯಿತಲ್ಲ’ ಎಂದು ಎಳನೀರು ಕುಡಿಸಿ ಮಲಗಿಸುವುದೂ ಇದೇ ಬಿಡುವಿನಲ್ಲಿ.

ಗಡ್ಡೆಯ ಮೇಲ್ಮೈಯಿಂದ ಸೋರುವ ರಕ್ತ ಇದಕ್ಕಿಂತ ಭಿನ್ನ, ಮತ್ತು ಹೆಚ್ಚು ಸಾಮಾನ್ಯ. ಅದು ನಿಧಾನವಾಗಿ ಜಠರಕ್ಕಿಳಿದು ಕಾಫಿ ಪುಡಿಯಂಥ ವಾಂತಿಯಾಗಿಯೋ ಡಾಂಬರಿನಂಥ ಕಪ್ಪು ಮಲವಾಗಿಯೋ ಹೊರಬರುತ್ತದೆ. ರೋಗಿ ಬಿಳಿಚಿಕೊಳ್ಳುತ್ತಾನೆ, ಮೆಟ್ಟಿಲು ಹತ್ತಿದರೆ ಏದುಸಿರು. ಬಣ್ಣ ನೋಡಿ ಮನೆಯಲ್ಲೇ ತೀರ್ಮಾನ ಮಾಡುವುದು ಸಲ್ಲದು. ಆದರೂ ಕಡುಕೆಂಪು, ತಾಜಾ ರಕ್ತ, ಅದರ ಜೊತೆಗೆ ಹೊಸದಾಗಿ ಶುರುವಾದ ಎದೆ ಅಥವಾ ಬೆನ್ನಿನ ನೋವು ಇದ್ದರೆ ಬೇರೆಯಾಗಿ ಸಾಬೀತಾಗುವವರೆಗೆ ಅದನ್ನು ಮಹಾಪಧಮನಿಯದೆಂದೇ ಎಣಿಸಬೇಕು.

ಮೊದಲು ಸಿ.ಟಿ., ಆಮೇಲೆ ಎಂಡೋಸ್ಕೋಪಿ

ರಕ್ತವಾಂತಿ ಎಂದರೆ ಕೂಡಲೇ ಎಂಡೋಸ್ಕೋಪಿ ಎಂಬುದು ಎಲ್ಲ ಕಡೆಯ ರೂಢಿ. ಜಠರದ ಹುಣ್ಣಿಗೆ, ಯಕೃತ್ತಿನ ರೋಗದಿಂದ ಉಬ್ಬಿದ ಸಿರೆಗಳಿಗೆ ಅದೇ ಸರಿ. ಇಲ್ಲಿ ಮಾತ್ರ ಅದು ಆತುರದ ಕೆಲಸವಾಗಬಹುದು. ಎಂಡೋಸ್ಕೋಪಿಯಲ್ಲಿ ಗಾಳಿ ತುಂಬಿ ಅನ್ನನಾಳವನ್ನು ಹಿಗ್ಗಿಸುತ್ತಾರೆ. ತೂತಿಗೆ ಅಡ್ಡ ನಿಂತಿರುವ ಹೆಪ್ಪು ಆಗ ಕಳಚಬಹುದು. ಮಿಡಿಯುವ ಉಬ್ಬು ಕಂಡಾಗ ಅದರಿಂದ ತುಣುಕು ತೆಗೆಯುವುದಂತೂ ಪ್ರಾಣಘಾತಕ. ಹೃದಯದ ಎಡ ಮೇಲಿನ ಕೋಣೆಗೆ ದಾರಿಯಾಗಿದ್ದರೆ ತುಂಬಿದ ಗಾಳಿ ರಕ್ತ ಸೇರಿ ಮೆದುಳಿಗೇ ಏರಬಹುದು.

ಅದಕ್ಕೇ ರೋಗಿ ಸ್ವಲ್ಪವಾದರೂ ಸ್ಥಿರವಾಗಿದ್ದರೆ ಮೊದಲು ಆಗಬೇಕಾದುದು ಸಿ.ಟಿ. ಆಂಜಿಯೋಗ್ರಾಂ. ಕೈಯ ಸಿರೆಗೆ ಅಯೋಡಿನ್ ಇರುವ ಬಣ್ಣದ್ರವ ಕೊಟ್ಟು, ಅದು ಮಹಾಪಧಮನಿಗೆ ಬಂದ ಕ್ಷಣವನ್ನು ಹಿಡಿದು ಚಿತ್ರ ತೆಗೆಯುತ್ತಾರೆ. ಬಣ್ಣದ್ರವ ಹೊರಚೆಲ್ಲಿದೆಯೇ, ಗೋಡೆಯಲ್ಲಿ ಸುಳ್ಳು ಚೀಲವಿದೆಯೇ, ಮಹಾಪಧಮನಿಯ ಸುತ್ತ ಗಾಳಿಗುಳ್ಳೆಗಳಿವೆಯೇ ಎಂದು ನೋಡುತ್ತಾರೆ. ತೂತಿಗೆ ಹೆಪ್ಪು ಕೂತಿದ್ದಾಗ ಬಣ್ಣ ಸೋರದೆಯೂ ಇರಬಹುದು, ಆದ್ದರಿಂದ ‘ಸೋರಿಕೆ ಕಂಡಿಲ್ಲ’ ಎಂಬ ವರದಿ ಪೂರ್ತಿ ಅಭಯವಲ್ಲ. ಪಕ್ಕದಲ್ಲೇ ಗಾಳಿಗುಳ್ಳೆ ಇದ್ದರೆ ಸಂಶಯ ಉಳಿಯುತ್ತದೆ. ಮುಂದಿನ ಕೆಲಸಕ್ಕೆ ಬೇಕಾದ ಅಳತೆಗಳೂ, ಅಂದರೆ ಮಹಾಪಧಮನಿಯ ವ್ಯಾಸ, ತೊಡೆಸಂದಿನ ಧಮನಿಗಳ ಅಗಲ, ಇದೇ ಚಿತ್ರದಿಂದ ಸಿಗುತ್ತವೆ.

ರಕ್ತ ಸುರಿಯುತ್ತಿರುವಾಗ

ತುರ್ತು ವಿಭಾಗದಲ್ಲಿ ಮೊದಲ ಚಿಂತೆ ಉಸಿರಿನದು. ರೋಗಿ ಸಾಯುವುದು ರಕ್ತ ಹೋಗಿಯೇ ಆಗಬೇಕೆಂದಿಲ್ಲ, ಆ ರಕ್ತ ಶ್ವಾಸನಾಳಕ್ಕೆ ಇಳಿದರೂ ಸಾಕು. ಬೇಗ ಉಸಿರಿನ ಕೊಳವೆ ಹಾಕಿ ದಾರಿ ಕಾಯಬೇಕು. ಎರಡು ದೊಡ್ಡ ಸೂಜಿಗಳು, ರಕ್ತದ ಗುಂಪಿನ ಪರೀಕ್ಷೆ, ಬ್ಲಡ್ ಬ್ಯಾಂಕಿಗೆ ಫೋನು. ಬಾಟಲಿಗಟ್ಟಲೆ ಸಲೈನ್ ಏರಿಸುವ ಹಳೆಯ ಚಾಳಿ ಇಲ್ಲಿ ಕೆಡುಕು: ರಕ್ತ ತೆಳುವಾಗುತ್ತದೆ, ಹೆಪ್ಪುಗಟ್ಟುವ ಶಕ್ತಿ ಕುಗ್ಗುತ್ತದೆ, ಏರಿದ ಒತ್ತಡ ಹೆಪ್ಪನ್ನು ತಳ್ಳುತ್ತದೆ. ರೋಗಿಗೆ ಎಚ್ಚರ ಇರುವಷ್ಟು, ಅಂದರೆ ಮೇಲಿನ ಒತ್ತಡ 80-90ರ ಆಸುಪಾಸಿನಲ್ಲಿ ಇಟ್ಟುಕೊಂಡು, ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳನ್ನು ಹೆಚ್ಚುಕಡಿಮೆ ಸಮ ಪಾಲಿನಲ್ಲಿ ಕೊಡುವುದು ಈಗಿನ ಪದ್ಧತಿ.

ಟ್ರಾನೆಕ್ಸಾಮಿಕ್ ಆಮ್ಲದ ಚುಚ್ಚುಮದ್ದನ್ನು ಅನೇಕರು ಕಣ್ಣುಮುಚ್ಚಿ ಬರೆಯುತ್ತಾರೆ. ಜಠರ-ಕರುಳಿನ ರಕ್ತಸ್ರಾವದ ಸುಮಾರು 12 ಸಾವಿರ ರೋಗಿಗಳ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಹಾಲ್ಟ್-ಇಟ್ ಅಧ್ಯಯನದಲ್ಲಿ ಅದು ಸಾವನ್ನು ಕಡಿಮೆ ಮಾಡಲಿಲ್ಲ. ಸಿರೆಗಳಲ್ಲಿ ಹೆಪ್ಪುಗಟ್ಟುವುದನ್ನು ಹೆಚ್ಚಿಸಿತು. ಆ ರೋಗಿಗಳೆಲ್ಲ ಕ್ಯಾನ್ಸರ್‌ನವರಲ್ಲ, ನಿಜ. ಆದರೆ ಮೊದಲೇ ಹೆಪ್ಪುಗಟ್ಟುವ ಪ್ರವೃತ್ತಿಯಿರುವ ಕ್ಯಾನ್ಸರ್ ರೋಗಿಗೆ ಈ ಮದ್ದನ್ನು ಇನ್ನೂ ಅಳೆದು ಕೊಡಬೇಕಾಗುತ್ತದೆ.

ಕೊನೆಯ ಅಸ್ತ್ರವಾಗಿ ಉಳಿದಿರುವುದು ಸೆಂಗ್‌ಸ್ಟಾಕನ್-ಬ್ಲೇಕ್‌ಮೋರ್ ಕೊಳವೆ. 1950ರಲ್ಲಿ ಉಬ್ಬಿದ ಸಿರೆಗಳ ರಕ್ತಸ್ರಾವಕ್ಕೆಂದು ರೂಪಿಸಿದ, ಎರಡು ಬಲೂನುಗಳಿರುವ ಸಾಧನ ಇದು. ಸಿರೆಯ ರಕ್ತ ತಡೆಯಲು ಅನ್ನನಾಳದ ಬಲೂನಿಗೆ 30-45 ಮಿಲಿಮೀಟರ್ ಒತ್ತಡ ಸಾಕು. ಮಹಾಪಧಮನಿಯ ಒತ್ತಡ ಅದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಬಲೂನು ಶಸ್ತ್ರಚಿಕಿತ್ಸಾ ಕೊಠಡಿ ತಲುಪುವವರೆಗಿನ ಆಸರೆ ಮಾತ್ರ, ಅದೂ ಕೆಲವೊಮ್ಮೆ.

ಒಳಗಿನಿಂದ ಮುಚ್ಚುವುದು: ಸ್ಟೆಂಟ್ ಗ್ರಾಫ್ಟ್

ಹಿಂದೆ ಇದ್ದ ದಾರಿ ಒಂದೇ: ಎದೆ ತೆರೆದು, ಮಹಾಪಧಮನಿಯನ್ನು ಹಿಡಿಕೆಗಳಿಂದ ಹಿಡಿದು, ಕೆಟ್ಟ ಭಾಗ ಕತ್ತರಿಸಿ ಕೃತಕ ನಾಳ ಹೊಲಿಯುವುದು, ಅನ್ನನಾಳವನ್ನೂ ತೆಗೆಯುವುದು. ಗಟ್ಟಿಮುಟ್ಟಾದವರಿಗೇ ಕಷ್ಟವಾದ ಈ ಶಸ್ತ್ರಚಿಕಿತ್ಸೆಯನ್ನು ತೂಕ ಇಳಿದು, ಕೀಮೋದಿಂದ ಬಳಲಿದವರು ತಡೆದುಕೊಳ್ಳುವುದು ಅಪರೂಪ.

1987ರಲ್ಲಿ ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಿಕೊಲಾಯ್ ವೊಲೊಡೋಸ್ ಎದೆಯ ಮಹಾಪಧಮನಿಯೊಳಗೆ ತೊಡೆಯ ಕಡೆಯಿಂದ ಸ್ಟೆಂಟ್ ಗ್ರಾಫ್ಟ್ ಸೇರಿಸಿದರು. ಸೋವಿಯತ್ ಗಡಿಯಾಚೆ ಆ ಸುದ್ದಿ ಬಹುಕಾಲ ತಲುಪಲಿಲ್ಲ. 1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಮೈಕಲ್ ಡೇಕ್ ಮತ್ತು ಸಂಗಡಿಗರು 13 ರೋಗಿಗಳ ಅನುಭವ ಪ್ರಕಟಿಸಿದ ಮೇಲೆ ವಿಧಾನ ಜಗತ್ತಿಗೆ ಹರಡಿತು. ಊದಿಕೊಂಡ ಮಹಾಪಧಮನಿಗೆಂದು ಹುಟ್ಟಿದ ಈ ಉಪಾಯವೇ ಇಂದು ಕ್ಯಾನ್ಸರ್ ಕೊರೆದ ಮಹಾಪಧಮನಿಗೂ ಮೊದಲ ಆಯ್ಕೆ. ವೈದ್ಯರ ಬಾಯಲ್ಲಿ ಇದು ಟೆವಾರ್.

ಸ್ಟೆಂಟ್ ಗ್ರಾಫ್ಟ್ ಎಂದರೆ ನಿಕ್ಕಲ್-ಟೈಟೇನಿಯಂ ಮಿಶ್ರಲೋಹದ ಬಲೆಗೆ ಪಾಲಿಯೆಸ್ಟರ್ ಅಥವಾ ಪಿ.ಟಿ.ಎಫ್.ಇ. ಬಟ್ಟೆ ಹೊದಿಸಿದ ಕೊಳವೆ. ಒಡೆದ ನೀರಿನ ಪೈಪಿನೊಳಗೆ ಇನ್ನೊಂದು ಪೈಪು ತೂರಿಸಿ ಸೋರಿಕೆ ನಿಲ್ಲಿಸುವ ಉಪಾಯವೇ ಇದು. ಮಡಚಿದಾಗ ಅದು ಪೆನ್ಸಿಲ್‌ನಷ್ಟು ದಪ್ಪ. ತೊಡೆಸಂದಿನ ಧಮನಿಯಿಂದ ತಂತಿಯೊಂದನ್ನು ಮೇಲಕ್ಕೇರಿಸಿ, ಆ ತಂತಿಯ ಮೇಲೆ ಗ್ರಾಫ್ಟನ್ನು ಜಾರಿಸುತ್ತಾರೆ. ಎಕ್ಸ್-ರೇ ಪರದೆಯ ಮೇಲೆ ಅದರ ತುದಿಯ ಚುಕ್ಕೆಗಳು ಕಾಣುತ್ತವೆ. ತೂತಿನ ಮೇಲೂ ಕೆಳಗೂ ಕನಿಷ್ಠ 2 ಸೆಂಟಿಮೀಟರ್ ಆರೋಗ್ಯವಂತ ಗೋಡೆ ಸಿಗುವ ಜಾಗಕ್ಕೆ ಬಂದಾಗ ಕವಚ ಹಿಂದೆಳೆಯುತ್ತಾರೆ. ಲೋಹ ತನ್ನ ಮೂಲ ಅಗಲಕ್ಕೆ ಅರಳಿ ಗೋಡೆಗೆ ಒತ್ತಿಕೊಳ್ಳುತ್ತದೆ. ಜಾರದಿರಲೆಂದು ಗ್ರಾಫ್ಟನ್ನು ಮಹಾಪಧಮನಿಗಿಂತ ಶೇ. 10-20ರಷ್ಟು ಅಗಲವಾದದ್ದನ್ನೇ ಆರಿಸುತ್ತಾರೆ. ನುರಿತ ತಂಡಕ್ಕೆ ಒಂದೆರಡು ಗಂಟೆಯ ಕೆಲಸ. ರಕ್ತ ಅಲ್ಲಿಗೆ ನಿಲ್ಲುತ್ತದೆ.

ತೊಂದರೆಗಳೂ ಇವೆ. ಮೇಲಕ್ಕೆ ಹೆಚ್ಚು ಮುಚ್ಚಿದರೆ ಎಡಗೈಗೆ ಹೋಗುವ ಧಮನಿಯ ಬಾಯಿ ಮುಚ್ಚಿಹೋಗಬಹುದು. ಕೆಳಕ್ಕೆ ಹೆಚ್ಚು ಮುಚ್ಚಿದರೆ ಬೆನ್ನುಹುರಿಗೆ ರಕ್ತ ಕೊಡುವ ಕವಲು ಅಡ್ಡಗಟ್ಟಿ ಕಾಲುಗಳ ಬಲ ಹೋಗಬಹುದು. ಆದ್ದರಿಂದ ಬೇಕಾದಷ್ಟೇ ಉದ್ದ ಮುಚ್ಚುವುದು ಜಾಣತನ.

ಬೆಲೆಯೂ ಸಣ್ಣದಲ್ಲ. ಗ್ರಾಫ್ಟ್ ಒಂದಕ್ಕೇ ಲಕ್ಷಗಳ ಲೆಕ್ಕ. ಸರಿಯಾದ ಅಳತೆಯದು ಆ ಹೊತ್ತಿಗೆ ಆಸ್ಪತ್ರೆಯ ಬೀರುವಿನಲ್ಲಿ ಇದೆಯೇ ಎಂಬುದೂ ಪ್ರಶ್ನೆ.

ಗ್ರಾಫ್ಟ್ ಹಾಕಿದ ಮೇಲೆ ಉಳಿಯುವ ಕೆಲಸ

ಸ್ಟೆಂಟ್ ಗ್ರಾಫ್ಟ್ ರಕ್ತದ ಕಡೆಯ ಬಾಗಿಲನ್ನು ಮುಚ್ಚಿತು. ಅನ್ನನಾಳದ ಕಡೆಯ ತೂತು ತೆರೆದೇ ಇದೆ. ಎಂಜಲು ಈಗ ನೇರವಾಗಿ ಗ್ರಾಫ್ಟಿನ ಬಟ್ಟೆಯ ಮೇಲೆ ಬೀಳುತ್ತದೆ. ಕೃತಕ ವಸ್ತುವಿನ ಮೇಲೆ ಬ್ಯಾಕ್ಟೀರಿಯಾ ನೆಲೆಯೂರಿದರೆ ಅವನ್ನು ಪೂರ್ತಿ ಕಿತ್ತೊಗೆಯಲು ಪ್ರತಿಜೀವಕ ಔಷಧಗಳಿಂದ ಆಗುವುದಿಲ್ಲ. ಬಿಟ್ಟುಬಿಟ್ಟು ಬರುವ ಜ್ವರ, ಬೆನ್ನು ನೋವು, ಕೊನೆಗೆ ಮತ್ತೆ ರಕ್ತ: ಸೋಂಕು ಹಿಡಿದ ಗ್ರಾಫ್ಟಿನ ದಾರಿ ಇದು.

ಕ್ಯಾನ್ಸರ್ ಇಲ್ಲದವರಲ್ಲಿ ಎರಡನೆಯ ಹಂತವಾಗಿ ಅನ್ನನಾಳ ತೆಗೆದು, ಜಾಗ ತೊಳೆದು, ಮಹಾಪಧಮನಿಯನ್ನೇ ಬದಲಿಸುವವರಿದ್ದಾರೆ. ಮುಂದುವರಿದ ಕ್ಯಾನ್ಸರ್‌ನಲ್ಲಿ ಆ ಮಟ್ಟಕ್ಕೆ ಹೋಗುವುದು ಬಹುತೇಕ ಅರ್ಥವಿಲ್ಲದ್ದು. ಬದಲಿಗೆ, ಮೊದಲು ಸಿರೆಯ ಮೂಲಕ, ಆಮೇಲೆ ಮಾತ್ರೆಯಾಗಿ ದೀರ್ಘಕಾಲ, ಕೆಲವರಿಗೆ ಬದುಕಿರುವಷ್ಟು ದಿನವೂ ಪ್ರತಿಜೀವಕಗಳು. ಬಾಯಿಯಿಂದ ಊಟ ನಿಲ್ಲಿಸಿ ಕರುಳಿಗೆ ಕೊಳವೆ ಹಾಕಿ ಪೋಷಣೆ. ಸಾಧ್ಯವಿದ್ದರೆ ಅನ್ನನಾಳಕ್ಕೆ ಹೊದಿಕೆಯ ಸ್ಟೆಂಟ್. ಎರಡು ಕಡೆಯಿಂದಲೂ ಲೋಹ ಒತ್ತಿದರೆ ನಡುವಿನ ಕೊಳೆತ ಗೋಡೆ ಇನ್ನಷ್ಟು ಸವೆಯುತ್ತದೆಂದು ಈ ಕೊನೆಯ ಕ್ರಮಕ್ಕೆ ಹಿಂಜರಿಯುವವರೂ ಇದ್ದಾರೆ, ಆ ಹಿಂಜರಿಕೆ ಆಧಾರವಿಲ್ಲದ್ದೇನಲ್ಲ.

ಫಲ? ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು. ಆ ಅವಧಿಯಲ್ಲಿ ಕೀಮೋ ಮುಂದುವರಿಸಿ ಮನೆಗೆ ಹೋದವರ ವರದಿಗಳು ಜಪಾನ್ ಸೇರಿದಂತೆ ಹಲವೆಡೆಯಿಂದ ಬಂದಿವೆ. ರೋಗ ವಾಸಿಯಾಗುತ್ತದೆಂಬ ಭರವಸೆ ಕೊಟ್ಟು ಇದನ್ನು ಮಾಡಬಾರದು; ರಕ್ತ ಸುರಿದು ಸಾಯುವುದನ್ನು ತಪ್ಪಿಸಿ ಸ್ವಲ್ಪ ಕಾಲ ಗಳಿಸಿಕೊಡುತ್ತದೆ ಎಂದು ಬಿಡಿಸಿ ಹೇಳಿಯೇ ಮಾಡಬೇಕು.

ಮೊದಲೇ ತಡೆಯಬಹುದೇ

ಗಡ್ಡೆ ಮಹಾಪಧಮನಿಗೆ ಅಂಟಿದೆಯೆಂದು ಗೊತ್ತಿದ್ದಾಗ, ಕೀಮೋ-ವಿಕಿರಣ ಶುರು ಮಾಡುವ ಮುನ್ನವೇ ಸ್ಟೆಂಟ್ ಗ್ರಾಫ್ಟ್ ಹಾಕಿಬಿಟ್ಟರೆ? ಗಡ್ಡೆ ಕರಗಿದರೂ ಮಹಾಪಧಮನಿ ಒಳಗಿನಿಂದ ಭದ್ರವಾಗಿರುತ್ತದೆ ಎಂಬುದು ತರ್ಕ. ಕೆಲವು ಕೇಂದ್ರಗಳು ಹೀಗೆ ಮಾಡಿವೆ. ಗಡ್ಡೆ ಕುಗ್ಗಿದ ಮೇಲೆ ಅದನ್ನು ಮಹಾಪಧಮನಿಯ ಹೊರಪದರದೊಂದಿಗೆ ಬಿಡಿಸಿ ತೆಗೆದದ್ದೂ ಉಂಟು. ಎಲ್ಲರಿಗೂ ಇದನ್ನು ಶಿಫಾರಸು ಮಾಡುವಷ್ಟು ದೊಡ್ಡ ಅಧ್ಯಯನಗಳು ನಡೆದಿಲ್ಲ. ಸೋಂಕಿಲ್ಲದ ಸ್ಥಿತಿಯಲ್ಲಿ, ನಿಧಾನವಾಗಿ ಯೋಜಿಸಿ ಹಾಕಿದ ಗ್ರಾಫ್ಟ್ ನಡುರಾತ್ರಿಯ ಗ್ರಾಫ್ಟಿಗಿಂತ ಒಳ್ಳೆಯದೆಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಇನ್ನು ಔಷಧಗಳ ಆಯ್ಕೆ. ಗಡ್ಡೆಯ ಹೊಸ ರಕ್ತನಾಳಗಳನ್ನು ತಡೆಯುವ ರಾಮುಸಿರುಮಾಬ್‌ನಂಥ ಮದ್ದುಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮಹಾಪಧಮನಿಗೆ ತಾಗಿದ ಗಡ್ಡೆಯಲ್ಲಿ ಅವುಗಳಿಂದ ದೂರವಿರುವುದೇ ಲೇಸು.

ಸಣ್ಣ ಧಮನಿಗಳು, ಸೋರುವ ಗಡ್ಡೆ

ರಕ್ತಸ್ರಾವವೆಲ್ಲ ಮಹಾಪಧಮನಿಯದಲ್ಲ. ಅನ್ನನಾಳಕ್ಕೆ ಮೇಲೆ ಥೈರಾಯ್ಡ್‌ನ ಕೆಳಧಮನಿ, ನಡುವೆ ಶ್ವಾಸಕೋಶದ ಕವಲುಗಳ ಧಮನಿ ಮತ್ತು ಮಹಾಪಧಮನಿಯ ಪುಟ್ಟ ಕವಲುಗಳು, ಕೆಳಗೆ ಜಠರದ ಎಡಧಮನಿ ರಕ್ತ ಕೊಡುತ್ತವೆ. ಇವುಗಳಲ್ಲೊಂದು ಒಡೆದಿದ್ದರೆ ಎಂಬೋಲೈಸೇಷನ್ ಮಾಡುತ್ತಾರೆ: ತೊಡೆಯಿಂದಲೋ ಮಣಿಕಟ್ಟಿನಿಂದಲೋ ಸಣ್ಣ ಕೊಳವೆ ಏರಿಸಿ, ಸೋರುವ ಕವಲಿನೊಳಗೆ ಲೋಹದ ಸುರುಳಿ, ಸೂಕ್ಷ್ಮ ಕಣ ಅಥವಾ ಅಂಟುದ್ರವ ಬಿಟ್ಟು ಮುಚ್ಚುವುದು. ನಡುಭಾಗದಲ್ಲಿ ಕೆಲಸ ಮಾಡುವಾಗ ಬೆನ್ನುಹುರಿಯ ಧಮನಿ ಅದೇ ಕವಲಿನಿಂದ ಹೊರಡುತ್ತಿದೆಯೇ ಎಂದು ಮೊದಲು ನೋಡಬೇಕು.

ಮೇಲ್ಮೈ ಸೋರಿಕೆಗೆ ಎಂಡೋಸ್ಕೋಪಿಯೇ ದಾರಿ. ಆರ್ಗಾನ್ ಅನಿಲದ ಮೂಲಕ ಸುಡುವುದುಂಟು, ರಕ್ತ ಹೀರಿ ಹೆಪ್ಪುಗಟ್ಟಿಸುವ ಖನಿಜದ ಪುಡಿ ಸಿಂಪಡಿಸುವುದುಂಟು. ಎರಡೂ ತಾತ್ಕಾಲಿಕ. ಹೆಚ್ಚು ದಿನ ತಡೆಯುವುದು ವಿಕಿರಣ: ಒಂದೇ ಬಾರಿಗೆ 8 ಗ್ರೇ, ಅಥವಾ ಐದು ದಿನಗಳಲ್ಲಿ 20 ಗ್ರೇ. ಬ್ರಿಟನ್ನಿನ ರಾಕ್ಸ್ ಅಧ್ಯಯನ (2021) ಸ್ಟೆಂಟ್ ಹಾಕಿದವರಿಗೆ ನುಂಗುವ ಅನುಕೂಲ ಹೆಚ್ಚು ದಿನ ಉಳಿಯಲೆಂದು ವಿಕಿರಣ ಕೊಟ್ಟು ನೋಡಿತು. ಆ ಉದ್ದೇಶ ಈಡೇರಲಿಲ್ಲ. ರಕ್ತಸ್ರಾವ ಮಾತ್ರ ಕಡಿಮೆಯಾಯಿತು. ಒಂದು ದಿನದ ಕರೆಂಟಿನಿಂದ ತಿಂಗಳಿಗೆರಡು ಬಾರಿ ರಕ್ತ ಏರಿಸಿಕೊಳ್ಳುವುದು ತಪ್ಪುವುದಾದರೆ, ದೂರದೂರಿನ ರೋಗಿಗೆ ಅದೇ ದೊಡ್ಡ ಉಪಕಾರ.

ಹೆಪ್ಪಿನ ಸಮಸ್ಯೆ

ಕ್ಯಾನ್ಸರ್ ಕೋಶಗಳು ರಕ್ತವನ್ನು ಹೆಪ್ಪುಗಟ್ಟಿಸುವ ಪದಾರ್ಥಗಳನ್ನು ಹೊರಬಿಡುತ್ತವೆ. ಹಾಸಿಗೆ ಹಿಡಿದಿರುವುದು, ಎದೆಯ ಸಿರೆಯಲ್ಲಿಟ್ಟ ಕೀಮೋ ಪೋರ್ಟ್, ನೀರು ಇಳಿಯದೆ ಒಣಗಿದ ದೇಹ, ಎಲ್ಲವೂ ಸೇರಿಕೊಳ್ಳುತ್ತವೆ. ಒಂದು ಕಾಲು ಮಾತ್ರ ಊದಿ ನೋಯುವುದು ಆಳದ ಸಿರೆಯ ಹೆಪ್ಪಿನ ಲಕ್ಷಣ. ಆ ಹೆಪ್ಪು ಹರಿದು ಶ್ವಾಸಕೋಶಕ್ಕೆ ಹೋದರೆ ದಿಢೀರ್ ಏದುಸಿರು. ಕೀಮೋದ ಆಯ್ಕೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್ನಿನ ರಿಯಲ್-2 ಅಧ್ಯಯನದ ಅನ್ನನಾಳ-ಜಠರ ಕ್ಯಾನ್ಸರ್ ರೋಗಿಗಳಲ್ಲಿ ಸಿಸ್‌ಪ್ಲಾಟಿನ್ ಪಡೆದವರ ಪೈಕಿ ಶೇ. 15.1 ಮಂದಿಗೆ ಹೆಪ್ಪಿನ ತೊಂದರೆಯಾದರೆ, ಆಕ್ಸಾಲಿಪ್ಲಾಟಿನ್ ಪಡೆದವರಲ್ಲಿ ಅದು ಶೇ. 7.6.

ಚಿಕಿತ್ಸೆ ಎಂದರೆ ರಕ್ತ ತೆಳುಮಾಡುವ ಮದ್ದು, ಮತ್ತು ರಕ್ತ ತೆಳುವಾದರೆ ಗಡ್ಡೆ ಸೋರುತ್ತದೆ. ಹೊಸ ಕಾಲದ ನುಂಗುವ ಮಾತ್ರೆಗಳು ಬೇರೆ ಕ್ಯಾನ್ಸರ್‌ಗಳಲ್ಲಿ ಚುಚ್ಚುಮದ್ದಿನ ಜಾಗ ಹಿಡಿದಿವೆ. ಅನ್ನನಾಳದಲ್ಲಿ ಹಾಗೆ ಹೇಳಲಾಗದು. ರಿವರಾಕ್ಸಬಾನ್ ಪರೀಕ್ಷಿಸುತ್ತಿದ್ದ ಸೆಲೆಕ್ಟ್-ಡಿ ಅಧ್ಯಯನದಲ್ಲಿ (2018) ಅನ್ನನಾಳ-ಜಠರದ ಕ್ಯಾನ್ಸರ್ ಇದ್ದವರಿಗೆ ರಕ್ತಸ್ರಾವ ಹೆಚ್ಚಾಗಿ ಕಂಡು, ಅಂಥವರನ್ನು ಸೇರಿಸಿಕೊಳ್ಳುವುದನ್ನೇ ನಡುವೆ ನಿಲ್ಲಿಸಿದರು. ಎಡಾಕ್ಸಬಾನ್‌ನ ಹೊಕುಸಾಯ್ ಅಧ್ಯಯನದಲ್ಲೂ ಹೆಚ್ಚುವರಿ ರಕ್ತಸ್ರಾವ ಬಹುಪಾಲು ಕಂಡದ್ದು ಜೀರ್ಣಾಂಗದ ಕ್ಯಾನ್ಸರ್‌ನವರಲ್ಲೇ. ಗಡ್ಡೆ ಇನ್ನೂ ಅನ್ನನಾಳದಲ್ಲೇ ಇರುವ ರೋಗಿಗೆ ಎನಾಕ್ಸಪರಿನ್‌ನಂಥ ಚುಚ್ಚುಮದ್ದೇ ಇಂದಿಗೂ ಹೆಚ್ಚು ಕ್ಷೇಮ. ಹೊಟ್ಟೆಯ ಚರ್ಮಕ್ಕೆ ದಿನವೂ ಚುಚ್ಚಿಕೊಳ್ಳುವುದನ್ನು ಮನೆಯವರು ಒಂದೆರಡು ದಿನದಲ್ಲಿ ಕಲಿಯುತ್ತಾರೆ.

ಮಾತ್ರೆಯೇ ಬೇಕಾದಾಗ ಒಂದು ಸಣ್ಣ ವಿವರ ಜೀವದ ಪ್ರಶ್ನೆಯಾಗುತ್ತದೆ. ನುಂಗಲಾಗದವರಿಗೆ ಕೊಳವೆಯಿಂದ ಮದ್ದು ಕೊಡಬೇಕಾಗುತ್ತದಲ್ಲ. ರಿವರಾಕ್ಸಬಾನನ್ನು ಪುಡಿ ಮಾಡಿ ಜಠರದಲ್ಲಿರುವ ಕೊಳವೆಗೆ ಹಾಕಬಹುದು. ಕೊಳವೆಯ ತುದಿ ಕರುಳಿನಲ್ಲಿದ್ದರೆ ಅದು ಸರಿಯಾಗಿ ಹೀರಲ್ಪಡುವುದಿಲ್ಲ. ಡಾಬಿಗಾಟ್ರಾನ್ ಕ್ಯಾಪ್ಸೂಲನ್ನು ಬಿಚ್ಚಲೇಬಾರದು, ಬಿಚ್ಚಿದರೆ ರಕ್ತಕ್ಕೆ ಸೇರುವ ಪ್ರಮಾಣ ಹೆಚ್ಚುತ್ತದೆ. ಕೊಳವೆ ಎಲ್ಲಿ ಕೊನೆಯಾಗುತ್ತದೆಂದು ಮದ್ದು ಬರೆಯುವವರನ್ನು ಕೇಳಿ ತಿಳಿದುಕೊಳ್ಳಬೇಕು.

ಪ್ಲೇಟ್‌ಲೆಟ್ 50 ಸಾವಿರಕ್ಕಿಂತ ಕಡಿಮೆಯಾದರೆ ಪ್ರಮಾಣ ತಗ್ಗಿಸುತ್ತಾರೆ, 25 ಸಾವಿರಕ್ಕಿಂತ ಇಳಿದರೆ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ರಕ್ತಸ್ರಾವವೂ ಹೊಸ ಹೆಪ್ಪೂ ಒಟ್ಟಿಗೇ ಬಂದವರಿಗೆ ಹೊಟ್ಟೆಯ ಮಹಾಸಿರೆಯಲ್ಲಿ ಸಣ್ಣ ಜಾಲರಿ ಇಟ್ಟು, ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಏರದಂತೆ ತಡೆಯುತ್ತಾರೆ. ಮುಖ, ಕುತ್ತಿಗೆ, ಎರಡೂ ಕೈ ಊದಿಕೊಂಡು ಎದೆಯ ಮೇಲೆ ನೀಲಿ ಸಿರೆಗಳು ಮೂಡಿದರೆ ಎದೆಯ ಮೇಲ್ಭಾಗದ ಮಹಾಸಿರೆ ಅದುಮಿಹೋಗಿದೆ ಎಂದರ್ಥ. ತಲೆ ಎತ್ತರಿಸಿ ಮಲಗಿಸಿ, ಆ ಸಿರೆಗೆ ಸ್ಟೆಂಟ್ ಇಟ್ಟರೆ ಒಂದೆರಡು ದಿನದಲ್ಲೇ ಊತ ಇಳಿಯುತ್ತದೆ.

ಆಸ್ಪತ್ರೆ ಬೇಡವೆಂದಾಗ

ಎಲ್ಲ ರೋಗಿಗೂ ಸ್ಟೆಂಟ್ ಗ್ರಾಫ್ಟ್ ಬೇಕಿಲ್ಲ. ರೋಗ ಎಲ್ಲೆಡೆ ಹರಡಿ, ದಿನದ ಬಹುಪಾಲು ಹಾಸಿಗೆಯಲ್ಲೇ ಕಳೆಯುವವರನ್ನು ಆಂಬುಲೆನ್ಸ್‌ನಲ್ಲಿ ಊರಿಂದೂರಿಗೆ ಒಯ್ಯುವುದು ಕರುಣೆಯಲ್ಲ. ಆದರೆ ಆ ತೀರ್ಮಾನ ರಕ್ತ ಬರುವ ಮುಂಚೆ, ರೋಗಿಯೇ ಮಾತಾಡಬಲ್ಲ ದಿನಗಳಲ್ಲಿ ಆಗಬೇಕು. ಜೀವರಕ್ಷಕ ಚಿಕಿತ್ಸೆ ಬೇಡವೆಂಬ ಮುಂಗಡ ಇಚ್ಛಾಪತ್ರಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು.

ಮನೆಯಲ್ಲಿ ಇಟ್ಟುಕೊಳ್ಳಬೇಕಾದುದು ಹೆಚ್ಚೇನಿಲ್ಲ. ಕಡುಗೆಂಪು, ಕಡುಹಸಿರು ಅಥವಾ ಕಡುನೀಲಿ ಬಣ್ಣದ ನಾಲ್ಕಾರು ಟವೆಲ್ ಮತ್ತು ಒಂದು ಹೊದಿಕೆ; ಬಿಳಿ ಬಟ್ಟೆಯ ಮೇಲೆ ರಕ್ತ ಇದ್ದದ್ದಕ್ಕಿಂತ ಹೆಚ್ಚು ಕಂಡು ರೋಗಿಯೂ ಮನೆಯವರೂ ಕಂಗಾಲಾಗುತ್ತಾರೆ. ಅಗಲವಾದ ಬೇಸಿನ್. ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು. ಉಪಶಮನ ಆರೈಕೆಯ ವೈದ್ಯರು ಗಾಬರಿ ತಗ್ಗಿಸಿ ನಿದ್ದೆ ಬರಿಸುವ ಮಿಡಜೋಲಮ್‌ನಂಥ ಮದ್ದನ್ನು ಮುಂಚೆಯೇ ಕೊಟ್ಟು ಬಳಸುವ ಬಗೆ ಹೇಳಿರುತ್ತಾರೆ. ದೊಡ್ಡ ರಕ್ತಸ್ರಾವದಲ್ಲಿ ರೋಗಿಗೆ ಎಚ್ಚರ ಉಳಿಯುವುದು ಕೆಲವೇ ನಿಮಿಷ. ಆಗ ಮದ್ದು ಹುಡುಕಲು ಓಡುವುದಕ್ಕಿಂತ ಪಕ್ಕದಲ್ಲಿ ಕೂತು ಕೈಹಿಡಿಯುವುದು ಮುಖ್ಯವೆಂದು ಅವರೇ ಹೇಳುತ್ತಾರೆ. ಎಳೆಯ ಮಕ್ಕಳನ್ನು ಯಾರು ಬೇರೆ ಕೋಣೆಗೆ ಕರೆದೊಯ್ಯಬೇಕೆಂಬುದನ್ನೂ ಮಾತಾಡಿಟ್ಟುಕೊಂಡಿರಬೇಕು.

ಚಿಕಿತ್ಸೆ ಬೇಕೆನ್ನುವವರಿಗೆ

ಈ ತೊಡಕಿಗೆ ಕ್ಯಾನ್ಸರ್ ತಜ್ಞರು, ರಕ್ತನಾಳದ ಶಸ್ತ್ರಚಿಕಿತ್ಸಕರು, ಇಂಟರ್‌ವೆನ್ಷನಲ್ ರೇಡಿಯಾಲಜಿ ತಜ್ಞರು, ಅರಿವಳಿಕೆ ವೈದ್ಯರು ಒಂದೇ ಹೊತ್ತಿಗೆ ಬೇಕು. ಬೆಂಗಳೂರಿನ ಸರ್ಕಾರಿ ವ್ಯವಸ್ಥೆಯನ್ನೇ ನೋಡಿ: ಕ್ಯಾನ್ಸರ್‌ಗೆ ಕಿದ್ವಾಯಿ, ಹೃದಯ-ರಕ್ತನಾಳಕ್ಕೆ ಜಯದೇವ, ಎರಡೂ ಬೇರೆ ಬೇರೆ ಆವರಣ. ಜಿಲ್ಲೆಗಳಲ್ಲಿ ದೂರ ಇನ್ನೂ ಹೆಚ್ಚು. ಹಾಗಾಗಿ ಸ್ಕ್ಯಾನ್ ವರದಿಯಲ್ಲಿ ಗಡ್ಡೆ ಮಹಾಪಧಮನಿಗೆ ತಾಗಿದೆ ಎಂದಿದ್ದರೆ, ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ: ರಕ್ತ ಬಂದರೆ ಯಾವ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ರಾತ್ರಿಯೂ ಸಿ.ಟಿ. ಆಂಜಿಯೋಗ್ರಾಂ ಮತ್ತು ಸ್ಟೆಂಟ್ ಗ್ರಾಫ್ಟ್ ಆಗುತ್ತದೆಯೇ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎಷ್ಟು ಸಿಗುತ್ತದೆ. ಸ್ಕ್ಯಾನ್ ಸಿ.ಡಿ., ಡಿಸ್ಚಾರ್ಜ್ ಪತ್ರ, ರಕ್ತದ ಗುಂಪು, ತೆಳುಮಾಡುವ ಮದ್ದಿನ ಹೆಸರು ಮತ್ತು ಕೊನೆಯ ಬಾರಿ ಕೊಟ್ಟ ಹೊತ್ತು ಒಂದೇ ಚೀಲದಲ್ಲಿರಲಿ. ಒಂದು ಚಮಚದಷ್ಟು ಕೆಂಪು ರಕ್ತ ಬಂದು ನಿಂತಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ತುರ್ತು ವಿಭಾಗ ತಲುಪಿದೊಡನೆ ಹೇಳಬೇಕಾದ ಮೊದಲ ಮಾತು ‘ರಕ್ತವಾಂತಿ’ ಎಂದಷ್ಟೇ ಅಲ್ಲ; ‘ಅನ್ನನಾಳದ ಕ್ಯಾನ್ಸರ್ ಇದೆ, ಗಡ್ಡೆ ಮಹಾಪಧಮನಿಗೆ ತಾಗಿದೆ’ ಎಂದು.